ಬಸ್ತಾದ ಗಾದಿಯ ಮೇಲೆ ಭಾವನೆಯ ಪಾಠ

ಬುಧವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಗದಗ ಪೇಟೆಯೊಳಗಿನ ನಮ್ಮ ಜವಳಿ ಅಂಗಡಿ. ಹಾಜರಿದ್ದವರು: ಸಾಹುಕಾರರ ಸೊಸೆ ಸುಮಾ, ಸೀರೆ ತೋರಿಸುವ ಮಂಜು, ಅಂಗಡಿಯ ಉಳಿದ ಹುಡುಗರು ಹುಡುಗಿಯರು, ಹುಬ್ಬಳ್ಳಿಯಿಂದ ಬಂದ ತರಬೇತಿಯ ಮೇಡಂ ಮತ್ತು ನಾನು. ಗೈರುಹಾಜರು: ಸಾಹುಕಾರರು, ಕಾರಣ, ಮೊಣಕಾಲು ನೋವು. ತರಬೇತಿ ನಡೆದ ಮೂರೂ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಿಡಿದುಕೊಂಡು ಪಾಠ ಮುಗಿದ ಹೊತ್ತಿಗೆ ಸರಿಯಾಗಿ ಬಿಡುತ್ತಿದ್ದ ಆ ಮೊಣಕಾಲಿಗಿರುವ ಶಿಸ್ತು ನಮ್ಮ ಅಂಗಡಿಯಲ್ಲಿ ಬೇರೆ ಯಾರಿಗೂ ಇಲ್ಲ. ತರಬೇತಿಯ ವಿಷಯ: ಭಾವನಾತ್ಮಕ ಬುದ್ಧಿವಂತಿಕೆ.

ಬುದ್ಧಿ ಇದ್ದವರನ್ನು ನಾನು ಕಂಡಿದ್ದೇನೆ. ಭಾವನೆ ಇದ್ದವರನ್ನೂ ಕಂಡಿದ್ದೇನೆ. ಎರಡೂ ಇದ್ದವರು ಅದನ್ನು ಯಾರ ಮುಂದೆಯೂ ಹೇಳಿಕೊಳ್ಳದೆ ತಮ್ಮ ಕೆಲಸ ನೋಡಿಕೊಂಡು ಹೋಗುತ್ತಾರೆ. ಎರಡನ್ನೂ ಕಲಸಿ, ಪರದೆಯ ಮೇಲೆ ಬೆಳಕು ಬಿಟ್ಟು, ಬೆಳಗಿನ ಹೊತ್ತು ಅಂಗಡಿಯ ಕಸ ಹೊಡೆಯುವುದನ್ನೂ ನಿಲ್ಲಿಸಿ ಕಲಿಸಬೇಕಾದ ವಿದ್ಯೆ ಇದೊಂದು ಇದೆ ಎಂದು ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಗೊತ್ತಿಲ್ಲದ ಕಾಲವೇ ಚೆನ್ನಾಗಿತ್ತು ಎನಿಸಿತು.

ನಾನು ಬೆಳೆದದ್ದು ಬಡ ಹುಡುಗರಿಗಾಗಿ ನಡೆಸುತ್ತಿದ್ದ ಒಂದು ಉಚಿತ ಪ್ರಸಾದ ನಿಲಯದಲ್ಲಿ. ಅಲ್ಲಿ ಎಲ್ಲದಕ್ಕೂ ಗಂಟೆ ಇತ್ತು. ಏಳುವುದಕ್ಕೆ ಗಂಟೆ, ತಣ್ಣೀರು ಸುರಿದುಕೊಳ್ಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ರೊಟ್ಟಿಗೆ ಗಂಟೆ. ಅಳುವುದಕ್ಕೆ ಮಾತ್ರ ಗಂಟೆ ಇರಲಿಲ್ಲವಾದ್ದರಿಂದ ನಾವು ಯಾರೂ ಅಳುತ್ತಿರಲಿಲ್ಲ. ಹಿರೇಹಂದಿಗೋಳದಿಂದ ಹೊಸದಾಗಿ ಬಂದ ಹುಡುಗನೊಬ್ಬ ಒಂದು ಸಂಜೆ ಅವ್ವನನ್ನು ನೆನೆದು ಅಳತೊಡಗಿದ. ನಿಲಯದ ಅಧಿಕಾರಿಗಳು ಬಂದು, "ಊಟ ಆತೇನಲೇ?" ಎಂದರು. "ಆತ್ರಿ" ಎಂದ. "ಮತ್ತ್ಯಾಕ ಅಳ್ತಿ?" ಎಂದರು. ಹುಡುಗ ಬಹಳ ಯೋಚಿಸಿದ. ಉತ್ತರ ಸಿಗಲಿಲ್ಲ. ಅಳು ನಿಂತಿತು. ಈ ತರಬೇತಿಗೆ ಯಾರೂ ಶುಲ್ಕ ತೆಗೆದುಕೊಂಡಿರಲಿಲ್ಲ, ಮಧ್ಯೆ ಬಿಸ್ಕೀಟನ್ನೂ ಕೊಟ್ಟಿರಲಿಲ್ಲ.

ಅಂಥ ನನಗೆ ಈ ಪಾಠ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಮ್ಮ ಅಂಗಡಿಯಲ್ಲಿ ನನ್ನದು ಬಸ್ತಾದ ಗಾದಿ. ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಎರಡೂ ಕಡೆಯ ಬೀಗರು ಕೂಡಿ ಬಂದು, ಇಡೀ ದಿನ ಜವಳಿ ಅಂಗಡಿಯಲ್ಲಿ ಕುಳಿತು, ಮದುವೆಯ ಬಟ್ಟೆಯನ್ನೆಲ್ಲ ಒಂದೇ ಸಲ ಆರಿಸಿ ಗಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಅದೇ ಬಸ್ತಾ. ದೇವರ ಸೀರೆ, ಮದುಮಗಳ ಧಾರೆ ಸೀರೆ, ಬೀಗರಿಗೆ, ಅತ್ತೆಯರಿಗೆ, ಚಿಗವ್ವಂದಿರಿಗೆ, ದೊಡ್ಡವ್ವಂದಿರಿಗೆ ಉಡುಗೊರೆ ಕೊಡುವ ಆಯೇರಿ ಸೀರೆಗಳು, ಕುಪ್ಪಸದ ಖಣ, ಧೋತರ, ತಲೆಗೆ ಸುತ್ತುವ ಪಟಗಾ. ಬಿಳಿ ಹಾಸು ಹಾಸಿದ ದೊಡ್ಡ ಗಾದಿಯ ಒಂದು ಕಡೆ ಬೀಗರು, ಇನ್ನೊಂದು ಕಡೆ ನಾನು. ನನ್ನ ಗಡ್ಡ ಕಪ್ಪಗಿದ್ದಾಗ ಬಸ್ತಾ ಕಟ್ಟಿಸಿಕೊಂಡು ಹೋದವರು ಈಗ ಮೊಮ್ಮಕ್ಕಳ ಬಸ್ತಾಕ್ಕೆ ಬರುತ್ತಾರೆ. ಗಾದಿಯ ಮೇಲೆ ನನ್ನದೊಂದು ಕ್ರಮವಿದೆ. ದೇವರ ಸೀರೆಗೆ ಕುಂಕುಮ ಹಚ್ಚದೆ ಬೇರೆ ಗಂಟು ಬಿಚ್ಚುವಂತಿಲ್ಲ. ಮಿರ್ಚಿ ಭಜಿ ತಿಂದ ಕೈ ತೊಳೆಯದೆ ರೇಷ್ಮೆ ಮುಟ್ಟುವಂತಿಲ್ಲ. ಮುಟ್ಟಿದವರಿಗೆ, ಅವರು ಯಾವ ಊರಿನ ಗೌಡರೇ ಇರಲಿ, ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ.

ಹೀಗೆ ಹೇಳುವುದೇ ಈಗ ತಪ್ಪಾಯಿತು. ಸುಮಾ ಒಳ್ಳೆಯ ಹುಡುಗಿ. ವ್ಯವಹಾರವನ್ನು ಕಾಲೇಜಿನಲ್ಲಿ ಕಲಿತವಳು. ನಾವು ಅದನ್ನು ವ್ಯವಹಾರದಲ್ಲಿ ಕಲಿತೆವು, ಅಷ್ಟೇ ವ್ಯತ್ಯಾಸ. ಅವಳು ಒಂದು ದಿನ ಬಹಳ ಮೆತ್ತಗೆ, "ಕಾಕಾ, ಗಿರಾಕಿ ನಿಮಗ ಅಂಜತಾರ" ಎಂದಳು. "ಅಂಜಲಿ ಬಿಡವ್ವಾ, ರೇಷ್ಮಿ ಉಳೀತೈತಿ" ಎಂದೆ. ಅವಳು ನಗಲಿಲ್ಲ. ತರಬೇತಿ ಆಗಲಿ, ಆಮೇಲೆ ಗಾದಿಯ ಮೇಲೆ ಯಾರು ಕೂಡಬೇಕು ಎಂಬುದನ್ನು ನೋಡೋಣ ಎಂದಳು. ಅಂದರೆ ಗಾದಿ ಮಂಜುವಿಗೆ, ನನಗೆ ಮಹಡಿಯ ಮೇಲಿನ ಕೋಣೆ. ಆ ಕೋಣೆಯಲ್ಲಿ ಫ್ಯಾನು ಇದೆ, ಕಿಟಕಿ ಇದೆ, ಗಿರಾಕಿ ಇಲ್ಲ. ಗಿರಾಕಿ ಇಲ್ಲದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತ ಜವಳಿ ಅಂಗಡಿಯವನಿಗೂ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತ ದೊಡ್ಡ ಸಾಹುಕಾರರ ಫೋಟೋಕ್ಕೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಹೀಗಾಗಿ ತರಬೇತಿ ಎಲ್ಲರಿಗೂ ಎಂದು ಹೇಳಿದರೂ, ಪರೀಕ್ಷೆ ನನ್ನೊಬ್ಬನದೇ ಎಂಬುದು ಅಂಗಡಿಯ ಕಸಬರಿಗೆಗೂ ತಿಳಿದಿತ್ತು.

ಮೊದಲ ದಿನ ಮೇಡಂ ಎಲ್ಲರಿಗೂ ಒಂದೊಂದು ಬಲೂನು ಕೊಟ್ಟರು. ಮನಸ್ಸಿನೊಳಗಿನ ಒತ್ತಡವನ್ನೆಲ್ಲ ಅದರೊಳಗೆ ಊದಿ, ಕಣ್ಣು ಮುಚ್ಚಿ, ಬಿಟ್ಟುಬಿಡಬೇಕು. ಬಿಟ್ಟೆವು. ನಮ್ಮೆಲ್ಲರ ಒತ್ತಡ ಪುರ್‍ರೆಂದು ಸದ್ದು ಮಾಡುತ್ತ ಅಂಗಡಿಯ ತುಂಬ ಹಾರಾಡಿತು. ಮಂಜುವಿನ ಒತ್ತಡ ಇಳಕಲ್ ಸೀರೆಯ ಕಪಾಟಿನ ಹಿಂದೆ ಬಿದ್ದು ಇನ್ನೂ ಅಲ್ಲೇ ಇದೆ. "ಈಗ ಹೇಗನಿಸ್ತಾ ಇದೆ?" ಎಂದು ಮೇಡಂ ನನ್ನನ್ನು ಕೇಳಿದರು. "ದಮ್ಮು ಹತ್ತಾಕತ್ತೈತ್ರಿ" ಎಂದೆ. "ಅದು ದೇಹದ ಮಾತು ಕಾಕಾ, ಮನಸ್ಸಿನದು ಹೇಳಿ" ಎಂದರು. ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದರೆ ತರಬೇತಿ ಅಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ದಿನ ಭಾವನೆಗಳ ಚಕ್ರ ತೋರಿಸಿದರು. ಬಣ್ಣಬಣ್ಣದ ದೊಡ್ಡ ಗಾಲಿ. ಅದರ ತುಂಬ ಭಾವನೆಗಳ ಹೆಸರು. ಆತಂಕ, ನಿರಾಶೆ, ಒಂಟಿತನ, ಕೃತಜ್ಞತೆ, ಹೀಗೆ. ಬಹಳ ಹೊತ್ತು ನೋಡಿದೆ. ನಮ್ಮ ಮಂದಿಯ ಒಂದು ಭಾವನೆಯೂ ಅದರಲ್ಲಿ ಇರಲಿಲ್ಲ. ಬೀಗರ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಎರಡು ಸಲ ತುಪ್ಪ ಬಂದು ನಮ್ಮ ಎಲೆಗೆ ಒಂದೇ ಸಲ ಬಂದಾಗ ಆಗುವುದಕ್ಕೆ ಅಲ್ಲಿ ಬಣ್ಣವೇ ಇಲ್ಲ. ಸೋದರ ಮಾವನಿಗೆ ಪಟಗಾ ಸುತ್ತುವಾಗ ತುದಿ ಸಾಲದೆ ಹೋದರೆ ಅವನ ಎದೆಯಲ್ಲಿ ಏನಾಗುತ್ತದೆ, ಅದಕ್ಕೆ ಹೆಸರಿಲ್ಲ. ಇಷ್ಟು ಸಣ್ಣ ಗಾಲಿ ಇಟ್ಟುಕೊಂಡು ಇವರು ಮುಂಡರಗಿಯ ತನಕ ಗಾಡಿ ಹೊಡೆಯಲು ಹೊರಟಿದ್ದಾರಲ್ಲ ಎನಿಸಿತು.

ಅಂದು ಮನೆಗೆಲಸವನ್ನೂ ಕೊಟ್ಟರು. ಮನೆಯಲ್ಲಿ ಒಬ್ಬರ ಹತ್ತಿರ ನಿಮ್ಮ ಒಂದು ಭಾವನೆಯನ್ನು ಹಂಚಿಕೊಳ್ಳಬೇಕು. ಕೊಟ್ಟ ಕೆಲಸವನ್ನು ಮಾಡದೆ ಇರುವುದು ನನ್ನಿಂದ ಆಗದು. ಆ ಕೆಲಸ ಎಷ್ಟೇ ಹುಚ್ಚಾಗಿದ್ದರೂ ಸರಿ. ಸಂಜೆ ಕೈಕಾಲು ತೊಳೆದು, ನನ್ನ ಹೆಂಡತಿ ಶಾಂಭವಿಯ ಎದುರು ಕುಳಿತು, "ನನಗ ಇವತ್ತ ಸ್ವಲ್ಪ ಆತಂಕ ಆಗೈತಿ" ಎಂದೆ. ಅವಳು ಚಪಾತಿ ಲಟ್ಟಿಸುವುದನ್ನು ಬಿಟ್ಟು ಬಂದು ನನ್ನ ಹಣೆ ಮುಟ್ಟಿದಳು. ಎದೆ ಎಡಗಡೆ ಹಿಡಿದಿದೆಯೋ ಬಲಗಡೆಯೋ ಎಂದು ಕೇಳಿದಳು. ಎಲ್ಲಿಯೂ ಹಿಡಿದಿಲ್ಲ, ಇದು ಭಾವನೆ ಎಂದೆ. "ಭಾವನಿ ಅಂತ ಸುಮ್ಮನ ಕುಂಡ್ರಬ್ಯಾಡ್ರಿ, ಆ ಪಾಟೀಲರ ಮನಿಯವರೂ ಹಿಂಗ ಅಂದು ಅಂದು ಹೋದ್ರು" ಎಂದು ಲಕ್ಷ್ಮೇಶ್ವರದಲ್ಲಿರುವ ಮಗಳಿಗೆ ಫೋನು ಹಚ್ಚಿದಳು. ಊಟದ ಹೊತ್ತಿಗೆ ಅಳಿಯ ಮೋಟಾರು ಸೈಕಲ್ಲಿನ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ. ಬಂದವನನ್ನು ಹಾಗೇ ಕಳಿಸುವಂತಿಲ್ಲ, ಶಾಂಭವಿ ಹೋಳಿಗೆ ಮಾಡಿದಳು. ಭಾವನೆ ಹಂಚಿಕೊಂಡವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಒಂದು ಚೂರೂ ಕೊಡಲಿಲ್ಲ.

ಮೂರನೆಯ ದಿನ, ಅಂದರೆ ನಾನು ಮೊದಲು ಹೇಳಿದ ಬುಧವಾರ, ಮುಖ್ಯ ಪಾಠ. ಎದುರಿಗೆ ಕೂತವರ ಭಾವನೆಯನ್ನು ಗುರುತಿಸಬೇಕು, ಅದಕ್ಕೆ ಹೆಸರಿಡಬೇಕು, ಗೌರವಿಸಬೇಕು. "ಹೆಸರಿಟ್ಟ ಕೂಡಲೇ ಅರ್ಧ ಭಾರ ಇಳಿಯುತ್ತೆ" ಎಂದರು ಮೇಡಂ. ಮಂಜು ಗೋಣು ಆಡಿಸುತ್ತ ಇದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಮಂಜು ಮಲ್ಲಸಮುದ್ರದವನು, ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಆದರೂ ಯಾರಾದರೂ ಏನಾದರೂ ಹೇಳಿಕೊಟ್ಟರೆ ಅದನ್ನು ಅಂದೇ ಉಪಯೋಗಿಸಿ ನೋಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ. "ಇವತ್ತ ಬಸ್ತಾ ಬರೂದೈತಿ. ಮಂಜು ತೋರಸ್ತಾನ, ಕಾಕಾ ಬಾಜೂಕ ಕುಂಡ್ರತಾರ" ಎಂದಳು ಸುಮಾ. ನಾನು ಪಕ್ಕಕ್ಕೆ ಸರಿದು ಕುಳಿತೆ. ನನ್ನ ಗಾದಿಯ ಮೇಲೆ ನಾನು ಪಕ್ಕಕ್ಕೆ ಕುಳಿತದ್ದು ಅದೇ ಮೊದಲು. ಪಕ್ಕದಿಂದ ನೋಡಿದರೆ ಗಾದಿ ಬಹಳ ದೊಡ್ಡದಾಗಿ ಕಾಣುತ್ತದೆ.

ಹತ್ತೂವರೆಗೆ ಎರಡು ಕ್ರೂಸರ್ ಗಾಡಿಗಳು ಬಂದು ನಿಂತವು. ಹೆಣ್ಣಿನ ಕಡೆಯವರು ಯಳವತ್ತಿಯವರು, ಗಂಡಿನ ಕಡೆಯವರು ಮುಂಡರಗಿಯ ಹತ್ತಿರದವರು. ಹೆಣ್ಣಿನ ತಾಯಿ ಶಾಂತವ್ವ ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಗಂಡಿನ ಕಡೆ ತಾಯಿ ಇರಲಿಲ್ಲ. ಹುಡುಗ ಸಣ್ಣವನಿದ್ದಾಗಲೇ ಆಕೆ ತೀರಿಕೊಂಡಿದ್ದಳಂತೆ. ಹುಡುಗನ ತಂದೆಯ ಅಕ್ಕ ನೀಲವ್ವ ಬಂದಿದ್ದಳು. ಆಕೆಯ ಗಂಡನ ಮನೆಯೂ ಅದೇ ಊರಲ್ಲಿ ಇದ್ದುದರಿಂದ ತನ್ನ ಮಕ್ಕಳ ಜೊತೆಗೆ ಈ ಹುಡುಗನನ್ನೂ ಆಕೆಯೇ ಉಣಿಸಿ ತಿನಿಸಿ ದೊಡ್ಡವನನ್ನು ಮಾಡಿದ್ದಳು ಎಂಬುದು ಚಹಾ ಕುಡಿಯುವಷ್ಟರಲ್ಲಿ ಗೊತ್ತಾಯಿತು. ಗಂಡಸರೆಲ್ಲ ಪದ್ಧತಿಯಂತೆ ಗೋಡೆಯ ಬೆಂಚಿನ ಮೇಲೆ ಸಾಲಾಗಿ ಕುಳಿತು ಉಳ್ಳಾಗಡ್ಡಿಯ ಧಾರಣೆ ಮಾತಾಡತೊಡಗಿದರು. ಬಸ್ತಾದಲ್ಲಿ ಗಂಡಸರ ಕೆಲಸ ಇಷ್ಟೇ.

ದೇವರ ಸೀರೆ ಆಯಿತು. ಮದುಮಗಳ ಧಾರೆ ಸೀರೆಯೂ ಬೇಗನೆ ಆಯಿತು. ಹುಡುಗಿ ಕಾವೇರಿ ಫೋನಿನಲ್ಲಿ ಮೊದಲೇ ನೋಡಿಕೊಂಡು ಬಂದಿದ್ದಳು. ಬಳಿಕ ಆಯೇರಿ ಶುರುವಾಯಿತು. ಬಸ್ತಾದ ನಿಜವಾದ ಮದುವೆ ಇದೇ. ಇಲ್ಲಿ ಯಾರೂ ತಮಗೆ ಏನು ಬೇಕು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಬೀಗರ ಎದುರು ಆಸೆ ತೋರಿಸುವುದು ಮರ್ಯಾದೆಯಲ್ಲ. ಹೇಳದೆ ಇದ್ದದ್ದನ್ನು ತಿಳಿದು, ತಿಳಿದದ್ದನ್ನು ತೋರಗೊಡದೆ, ಮೇಲಿನ ದರ್ಜೆಯ ಸೀರೆಯೊಂದು ತಾನಾಗಿಯೇ ಕೈಜಾರಿ ಅವರ ಮುಂದೆ ಬಿದ್ದಂತೆ ಮಾಡಬೇಕು. ಅದನ್ನು ನೋಡಿ ಕೊಡುವವರು, "ಅಯ್ಯ, ಇದು ಛಲೋ ಐತಲ್ರಿ, ಇದನ್ನ ಇಡ್ರಿ" ಎಂದು ತಾವೇ ಹೇಳುತ್ತಾರೆ. ತೆಗೆದುಕೊಳ್ಳುವವರು, "ಇಷ್ಟ್ಯಾಕ್ರಿ" ಎನ್ನುತ್ತಾರೆ. ಸೀರೆ ಗಂಟಿಗೆ ಸೇರುತ್ತದೆ. ಯಾರಿಗೂ ನೋವಿಲ್ಲ, ಯಾವ ಭಾವನೆಗೂ ಹೆಸರಿಲ್ಲ.

ಮಂಜು ಅತ್ತೆ ಚಿಗವ್ವಂದಿರಿಗೆಂದು ತೆಗೆದಿಟ್ಟ ರಾಶಿಯಿಂದಲೇ ಒಂದು ಸೀರೆಯನ್ನು ಎಳೆದು ನೀಲವ್ವನ ಮುಂದೆ ಹರವಿದ. ಆಕೆ ಸೆರಗಿನ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ ಬಿಟ್ಟು, "ನಮಗ ಯಾವುದಾದ್ರೂ ನಡೀತೈತಿ ತಮ್ಮಾ" ಎಂದಳು. ನನಗೆ ಕೂಡಲೇ ಗೊತ್ತಾಯಿತು. ಜರಿ ಸಾಲದು. ಮೇಲಿನ ಕಪಾಟಿನ ಅಗಲ ಅಂಚಿನ ರೇಷ್ಮೆ ಕೈಜಾರಬೇಕು. ನಾನು ಕೆಮ್ಮಿದೆ. ಮಂಜು ನನ್ನನ್ನು ನೋಡಲಿಲ್ಲ. ಮೊಣಕಾಲ ಮೇಲೆ ಎರಡೂ ಕೈ ಇಟ್ಟು, ಮುಂದಕ್ಕೆ ಬಾಗಿ, ಮೇಡಂ ಹೇಳಿಕೊಟ್ಟ ಮೆತ್ತಗಿನ ದನಿಯಲ್ಲಿ, ಇಡೀ ಗಾದಿಗೆ ಕೇಳಿಸುವಂತೆ ಹೇಳಿದ:

"ದೊಡ್ಡವ್ವಾರ, ನಿಮಗ ನೋವಾಗೈತಿ ಅಂತ ನನಗ ಕಾಣಾಕತ್ತೈತ್ರಿ. ನಿಮ್ಮ ನೋವನ್ನ ನಾನು ಗೌರವಿಸ್ತೀನ್ರಿ."

ಬೆಂಚಿನ ಮೇಲೆ ಉಳ್ಳಾಗಡ್ಡಿಯ ಧಾರಣೆ ನಿಂತಿತು.

"ಏನಂದ್ಯೋ?" ಎಂದಳು ನೀಲವ್ವ.

"ನೋವ್ರಿ" ಎಂದ ಮಂಜು. "ಸಿಟ್ಟೂ ಇರಬಹುದ್ರಿ. ಹೇಳಿಕೊಂಡ್ರ ಭಾರ ಇಳೀತೈತ್ರಿ."

"ಯಾರಿಗೆ ಸಿಟ್ಟು? ನನಗ? ನಾ ಏನಾರ ಅಂದ್ನೇನ? ಎಲ್ಲಾರೂ ಕೇಳ್ಯಾರಲ್ಲ, ನಾ ನಡೀತೈತಿ ಅಂದೆ!"

ಶಾಂತವ್ವ ತನ್ನ ಜಾಗದಿಂದಲೇ ತಿರುಗಿದಳು. "ಅಲ್ರೀ ಅಕ್ಕಾರ, ನೋವ್ಯಾಕ ಆಗಬೇಕು? ನಾವೇನು ಕಡಿಮಿ ಮಾಡೇವಿ? ಇನ್ನಾ ಸೀರಿ ಬಿಚ್ಚೂದರಾಗ ನೋವಾತಂದ್ರ, ಮದಿವಿ ಮುಗಿಯೂದರಾಗ ಏನೇನ ಆದೀತು?"

"ನಾ ನೋವು ಅಂದಿಲ್ಲವ್ವಾ. ನಿಮ್ಮ ಅಂಗಡಿ ಹುಡುಗ ಅಂದ."

"ಅಂವ ನಮ್ಮ ಅಂಗಡಿ ಹುಡುಗ ಯಾಕ ಆಗಾನ? ಈ ಅಂಗಡಿಗೇ ಹೋಗೂಣು ಅಂದವರು ನೀವು!"

"ಹೌದವ್ವಾ, ನಾವ ಅಂದ್ವಿ. ಎಲ್ಲಾನೂ ನಾವ ಅಂದ್ವಿ. ಹುಡುಗನ್ನ ಹೊತ್ತು ತಿರುಗಿದಾಕಿ ನಾನ, ಈಗ ಅತ್ತಿ ಚಿಗವ್ವಾರ ಸಾಲಿನ್ಯಾಗ ಕುಂಡ್ರಾಕಿನೂ ನಾನ. ನಡೀತೈತಿ. ನಾ ಏನ ಅಂದಿಲ್ಲ."

ಏನೂ ಅನ್ನದೆ ಆಕೆ ಇಷ್ಟು ಅಂದಳು. ಕಾವೇರಿ ಧಾರೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಮುಖ ನೋಡಿ ನನಗೆ ಈ ಬಸ್ತಾ ಮುರಿದರೆ ಇನ್ನೇನು ಮುರಿದೀತು ಎಂಬುದು ಹೊಳೆಯಿತು. ಹುಡುಗನ ತಂದೆ ಬೆಂಚಿನಿಂದ ಎದ್ದು ನಿಂತು, ಯಾವ ಕಡೆ ಮಾತಾಡಬೇಕು ಎಂದು ತಿಳಿಯದೆ ಮತ್ತೆ ಕುಳಿತ. ಮೇಡಂ ಕಂಬದ ಹತ್ತಿರ ನಿಂತು, "ಬಿಡಿ, ಬಿಡಿ, ಹೊರಗೆ ಬರಲಿ, ಇದು ಆರೋಗ್ಯಕರ" ಎಂದು ಸುಮಾಳ ಕಿವಿಯಲ್ಲಿ ಹೇಳುತ್ತಿದ್ದರು. ಹೊರಗೆ ಬಂದದ್ದು ಎಷ್ಟು ಆರೋಗ್ಯಕರವಾಗಿತ್ತೆಂದರೆ ಎರಡೂ ಕ್ರೂಸರ್ ಗಾಡಿಗಳ ಡ್ರೈವರುಗಳು ಒಳಗೆ ಬಂದು ನೋಡತೊಡಗಿದರು.

ಇಂಥ ಹೊತ್ತಿಗೆ ನನ್ನ ಹತ್ತಿರ ಒಂದೇ ಉಪಾಯವಿರುವುದು, ಅದು ಊಟ. ಬಸ್ತಾದವರಿಗೆ ಅಂಗಡಿಯ ಕಡೆಯಿಂದ ಹಿಂದಿನ ಕೋಣೆಯಲ್ಲಿ ಊಟ ಇರುತ್ತದೆ. ಗಂಟೆ ಹನ್ನೆರಡೂ ಆಗಿರಲಿಲ್ಲ. ಆದರೂ ಎದ್ದು ನಿಂತು ಚಪ್ಪಾಳೆ ತಟ್ಟಿ, "ಏಳ್ರಿ, ಎಲ್ಲಾರೂ ಏಳ್ರಿ, ರೊಟ್ಟಿ ಬಿಸಿ ಅದಾವು, ಕೈ ತೊಳಕೊಳ್ರಿ" ಎಂದೆ. ಜಗಳವಾಡುವವರಿಬ್ಬರ ನಡುವೆ ಎಣ್ಣೆಗಾಯಿ ಇಟ್ಟರೆ ಅರ್ಧ ಜಗಳ ಬದನೆಕಾಯಿಯ ಜೊತೆ ಹೊಟ್ಟೆಗೆ ಹೋಗುತ್ತದೆ. ಇದು ಎಂದೂ ತಪ್ಪಿಲ್ಲ. ಬೆಂಚಿನ ಗಂಡಸರು ಕೂಡಲೇ ಎದ್ದರು. ಹುಡುಗಿಯರು ಎದ್ದರು. ನೀಲವ್ವ ಏಳಲಿಲ್ಲ.

"ನನಗ ಹಸಿವಿಲ್ಲ" ಎಂದಳು. ಹೇಳುತ್ತ ಚಹಾದ ಜೊತೆ ತಂದಿಟ್ಟಿದ್ದ ತಟ್ಟೆಯಿಂದ ಒಂದು ಮಿರ್ಚಿ ಭಜಿ ತೆಗೆದುಕೊಂಡು ಮುರಿದಳು. ಮುರಿದು, ಅದೇ ಕೈಯಿಂದ, ನೋಡದೆ, ಪಕ್ಕದಲ್ಲಿದ್ದ ಧಾರೆ ಸೀರೆಯನ್ನು ಆಚೆ ಸರಿಸಿದಳು.

ಇದರ ಮುಂದೆ ನಡೆದದ್ದನ್ನು ನಾನು ಶಾಂತವಾಗಿ ಬರೆಯಬೇಕೆಂದಿದ್ದೇನೆ. ನಡೆದಾಗ ಶಾಂತವಾಗಿರಲಿಲ್ಲ. ಪ್ರಸಾದ ನಿಲಯದ ಗಂಟೆಗಳೆಲ್ಲ ಒಟ್ಟಿಗೇ ನನ್ನ ತಲೆಯಲ್ಲಿ ಬಡಿದವು. "ಕೈ ತಗೀರಿ!" ಎಂದು ಕೂಗಿದೆ. "ಎಣ್ಣಿ ಕೈಲೆ ರೇಷ್ಮಿ ಮುಟ್ಟತೀರೇನು? ಬುದ್ಧಿ ಐತೇನು? ಊಟಕ್ಕ ಏಳ್ರಿ ಅಂದ್ರ ಏಳಬೇಕು! ಸಿಟ್ಟು ಮಾಡೂದಿದ್ರ ನಿಮ್ಮೂರಾಗ ಕಟ್ಟಿ ಮ್ಯಾಲೆ ಕುಂತು ಮಾಡ್ರಿ, ನನ್ನ ಗಾದಿ ಮ್ಯಾಲೆ ಅಲ್ಲ! ಏಳ್ರಿ ಮೊದಲ!"

ಮಹಡಿಯ ಮೇಲಿನ ಕೋಣೆ ನನ್ನ ಕಣ್ಣಿಗೆ ಕಟ್ಟಿತು. ಆಗ ಶಾಂತವ್ವ ಎದ್ದು ನಿಂತಳು. ಆಕೆ ನೀಲವ್ವನ ಮೇಲೆ ಬೀಳುತ್ತಾಳೆ ಎಂದುಕೊಂಡೆ. ಆಕೆ ನನ್ನ ಕಡೆ ಬಂದಳು.

"ಏನ್ರೀ ಅಜ್ಜಾರ! ಯಾರಿಗೆ ಅನ್ನಾಕತ್ತೀರಿ? ನಮ್ಮ ಹುಡುಗಿಗೆ ಅತ್ತಿ ಆಗಾಕಿ ಆಕಿ! ತಾಯಿ ಜಾಗಾದಾಗ ಕುಂಡ್ರಾಕಿಗೆ ಬುದ್ಧಿ ಐತೇನು ಅಂತೀರಿ? ನಮ್ಮ ಎದುರಿಗೇ ನಮ್ಮ ಬೀಗತಿಗೆ ಏಳು ಅಂತೀರಿ? ಎಣ್ಣಿ ಹತ್ತಿದ್ರ ಹತ್ತಲಿ, ನಮ್ಮ ಸೀರಿ ಅದು, ತಗೊಂಡೇವಿ ನಾವು. ನಿಮ್ಮದೇನು ಹೋಗೂದೈತಿ?"

"ಹೌದ್ ನೋಡ್ರಿ" ಎಂದ ಹುಡುಗನ ತಂದೆ, ಈಗ ಯಾವ ಕಡೆ ಮಾತಾಡಬೇಕೆಂದು ತಿಳಿದು. "ವಯಸ್ಸಾದವರು ಅಂತ ಸುಮ್ಮನದೇವಿ."

ಉಳಿದವರೂ ಸುಮ್ಮನಿರಲಿಲ್ಲ. ಯಳವತ್ತಿಯವರು ಒಂದು ಕಡೆಯಿಂದ, ಮುಂಡರಗಿಯವರು ಇನ್ನೊಂದು ಕಡೆಯಿಂದ, ಒಬ್ಬರ ಮಾತು ಇನ್ನೊಬ್ಬರು ಎತ್ತಿಕೊಂಡು, ಎಷ್ಟೋ ವರ್ಷದಿಂದ ಬೀಗರಾಗಿದ್ದವರಂತೆ ಹೊಂದಿಕೊಂಡು ನನ್ನನ್ನು ಬೈದರು. ಡ್ರೈವರುಗಳೂ ಬೈದರು. ನಾನು ನೀಲವ್ವನನ್ನೇ ನೋಡುತ್ತಿದ್ದೆ. ಆಕೆ ಶಾಂತವ್ವನ ಮುಖವನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಭಜಿಯನ್ನು ತಟ್ಟೆಯಲ್ಲಿಟ್ಟು, ಶಾಂತವ್ವನ ಕೈ ಹಿಡಿದು ಎಳೆದು, "ಹೋಗಲಿ ಬಿಡವ್ವಾ ಶಾಂತವ್ವಾ, ಮುದುಕರು. ಮನ್ಯಾಗ ಏನ ತ್ರಾಸ ಐತೋ ಏನೋ" ಎಂದಳು. ಎರಡೂ ಕಣ್ಣಿನಲ್ಲಿ ನೀರಿತ್ತು, ಆದರೂ ನಗುತ್ತಿದ್ದಳು. ಇಬ್ಬರೂ ಕೈ ಹಿಡಿದುಕೊಂಡೇ ಊಟಕ್ಕೆ ಹೋದರು.

ಆಗ ನನಗೆ ತಿಳಿಯಿತು. ನೀಲವ್ವನಿಗೆ ಬೇಕಾದದ್ದು ಜರಿಯಲ್ಲ. ಹುಡುಗನ ತಾಯಿಯ ಜಾಗ ತನ್ನದು ಎಂದು ಬೀಗರ ಬಾಯಿಂದ ಒಂದು ಮಾತು ಬರಬೇಕಾಗಿತ್ತು. ಹುಡುಗನ ತಂದೆ ಹೇಳಲಿ ಎಂದು ಹೆಣ್ಣಿನವರು ಸುಮ್ಮನಿದ್ದರು. ಹೆಣ್ಣಿನವರೇ ತಿಳಿದುಕೊಳ್ಳಲಿ ಎಂದು ಹುಡುಗನ ತಂದೆ ಉಳ್ಳಾಗಡ್ಡಿ ಮಾತಾಡುತ್ತಿದ್ದ. ಮಂಜು ಅದನ್ನು ನೋವು ಎಂದ; ಗಾಲಿಯಲ್ಲಿ ಹತ್ತಿರದ ಹೆಸರು ಅದೇ ಇತ್ತು. ಇಷ್ಟು ವರ್ಷ ಗಾದಿಯ ಮೇಲೆ ಕುಳಿತು ಹೇಳದ ಮಾತನ್ನು ತಿಳಿಯುವವನೆಂದು ಬೀಗುತ್ತಿದ್ದ ನಾನು ಅಗಲ ಅಂಚು ಎಂದೆ. ಮಂಜುವಿಗಿಂತ ಹೆಚ್ಚಿಗೆ ನನಗೆ ತಿಳಿದಿದ್ದದ್ದು ಇಷ್ಟೇ, ಸೀರೆಯ ಬೆಲೆ.

ಊಟವಾದ ಮೇಲೆ ಬಸ್ತಾ ನೀರು ಹರಿದಂತೆ ಹರಿಯಿತು. ಮೇಲಿನ ಕಪಾಟಿನ ಅಗಲ ಅಂಚಿನ ರೇಷ್ಮೆಯನ್ನು ಶಾಂತವ್ವ ತಾನೇ ಕೇಳಿ ಇಳಿಸಿ ನೀಲವ್ವನ ಹೆಗಲ ಮೇಲೆ ಹಾಕಿ ನೋಡಿದಳು. ನೀಲವ್ವ ಅದಕ್ಕಿಂತ ಸಾದಾ ಸೀರೆಯೇ ಸಾಕೆಂದು ಹಟ ಹಿಡಿದು, ಕೊನೆಗೆ ಅದನ್ನೇ ತೆಗೆದುಕೊಂಡಳು. ಧಾರೆ ಸೀರೆಗೆ ಎಣ್ಣೆ ಹತ್ತಿರಲಿಲ್ಲ. ಅದಕ್ಕೆ ಹಾಕಿದ್ದ ತೆಳು ಕವರಿನ ಮೇಲೆ ಮಾತ್ರ ಒಂದು ಬೆರಳಿನ ಗುರುತು ಬಿದ್ದಿತ್ತು. ಅದನ್ನು ನೋಡಲು ಯಾರೂ ನನ್ನನ್ನು ಹತ್ತಿರ ಬಿಡಲಿಲ್ಲ. ಹೋಗುವಾಗ ಎಲ್ಲರೂ ಮಂಜುವಿಗೆ ಮದುವೆಗೆ ಬಾ ಎಂದರು, ಸುಮಾಳಿಗೆ ಬಾ ಎಂದರು. ನನ್ನ ಮುಂದೆ ಹಾದುಹೋಗುವಾಗ ಮಕ್ಕಳನ್ನು ಹತ್ತಿರ ಎಳೆದುಕೊಂಡರು.

ಗಾಡಿಗಳು ಹೋದ ಮೇಲೆ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. "ಕಾಕಾ, ಎಷ್ಟೋ ಕಡೆ ಈ ಪಾಠ ಮಾಡಿದ್ದೇನೆ. ಇಂಥದನ್ನ ಎಲ್ಲೂ ನೋಡಿಲ್ಲ. ಅವರಿಬ್ಬರ ಸಿಟ್ಟನ್ನೂ ನಿಮ್ಮ ಮೇಲೆ ತಗೊಂಡು ಅವರನ್ನ ಒಂದು ಮಾಡಿದ್ರಿ!"

ಸುಮಾಳ ಕಣ್ಣು ಅರಳಿತ್ತು. "ನೀವು ಬೇಕಂತನ ಒದರಿದ್ರಿ, ಹೌದಲ್ರಿ ಕಾಕಾ? ನಾ ಮೊದಲ ಅಂಜಿದ್ದೆ. ಆಮ್ಯಾಲೆ ತಿಳೀತು."

ನನ್ನ ಮುಂದೆ ಎರಡು ದಾರಿ ಇದ್ದವು. ಇಲ್ಲವ್ವಾ, ನನಗೆ ಖರೇನೇ ಸಿಟ್ಟು ಬಂದಿತ್ತು, ಆ ಹೆಣ್ಣುಮಗಳ ಮನಸ್ಸಿನಲ್ಲಿ ಏನಿತ್ತು ಎಂಬುದೂ ನನಗೆ ತಿಳಿದಿರಲಿಲ್ಲ, ನನ್ನ ಚಿಂತೆಯೆಲ್ಲ ಭಜಿಯ ಎಣ್ಣೆಯದು ಎಂದು ಹೇಳಿದರೆ, ಗಿರಾಕಿಗೆ ಒದರುವ ಮುದುಕನೆಂದು ಗಾದಿ ಹೋಗುತ್ತಿತ್ತು. ಹೌದು ಎಂದರೆ ಗಾದಿ ಉಳಿಯುತ್ತಿತ್ತು. ಶಿಸ್ತಿನಲ್ಲಿ ಬೆಳೆದವನು ಎಷ್ಟು ಹೊತ್ತು ಯೋಚಿಸಬೇಕೋ ಅಷ್ಟು ಹೊತ್ತು ಯೋಚಿಸಿ, "ಹೂಂ" ಎಂದೆ.

"ನನಗ ಗೊತ್ತಿತ್ತು!" ಎಂದಳು ಸುಮಾ. "ಇಂಥಾ ವಿದ್ಯಾ ಒಂದ ಗಾದಿ ಮ್ಯಾಲೆ ಕುಂತ್ರ ವ್ಯರ್ಥ ಆಗ್ತೈತ್ರಿ. ನಾಳಿಂದ ನೀವು ಮ್ಯಾಲಿನ ಕೋಣ್ಯಾಗ ಕುಂಡ್ರಿ. ದಿನಾ ಬೆಳಿಗ್ಗೆ ನಮ್ಮ ಹುಡುಗರಿಗೆಲ್ಲಾ ಇದನ್ನ ಕಲಸ್ರಿ. ಗಾದಿ ಮಂಜು ನೋಡಕೋತಾನ."

ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಮೊಣಕಾಲು ನೆಟ್ಟಗಾಗಿ ಆಗತಾನೆ ಒಳಗೆ ಬಂದಿದ್ದ ಸಾಹುಕಾರರು, ವಿಷಯ ಏನೆಂದು ಕೇಳದೆ, ತಾವೂ ತಟ್ಟಿದರು.

ಸಂಜೆ ಗಾದಿಯ ಮೇಲೆ ಬಿಚ್ಚಿ ಬಿದ್ದ ಸೀರೆಗಳನ್ನು ಮಡಿಚಲು ನಾನೂ ಮಂಜುವೂ ಕುಳಿತೆವು. ಅವನು ಮಡಿಕೆಯ ಗೆರೆ ತಪ್ಪಿಸಿ, ಜರಿಯ ಸೆರಗನ್ನು ಒಳಗೆ ಮುದುಡಿ, ಮೇಲೆ ಮೊಣಕೈ ಊರಿ ಒತ್ತುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. "ಲೇ ಮಂಜ್ಯಾ! ಸೀರಿ ಮಡಚೂದು ಹಿಂಗೇನು? ಜೋಳದ ಚೀಲ ಹೊಲಿಯಾಕತ್ತಿಯೇನು? ಇದಕ್ಕೇನು ನಿನಗ ಗಾದಿ ಕೊಟ್ಟದ್ದು? ಬಿಡು ಅದನ್ನ, ದೂರ ಸರಿ!" ಎಂದು ಗಂಟಲು ಹರಿಯುವಂತೆ ಬೈದೆ.

ಮಂಜು ಸೀರೆ ಬಿಟ್ಟು, ಎರಡೂ ಕೈ ಜೋಡಿಸಿ, ಬಾಯಿ ತೆರೆದು ನನ್ನನ್ನೇ ನೋಡಿದ. "ಅಬ್ಬಬ್ಬಾ ಕಾಕಾ! ಎಷ್ಟು ಖರೆ ಅನಸ್ತೈತ್ರೀ! ಇದನ್ನ ಹೆಂಗ ಮಾಡತೀರಿ, ಇನ್ನೊಮ್ಮೆ ಮಾಡ್ರಿ, ನಾ ಸರಿಯಾಗಿ ನೋಡ್ಲಿಲ್ಲ" ಎಂದ.

ನನ್ನ ಹತ್ತಿರ ಇದ್ದದ್ದು ಒಂದೇ ಭಾವನೆ. ಅದನ್ನೂ ಇನ್ನು ಮೇಲೆ ಈ ಅಂಗಡಿಯಲ್ಲಿ ಯಾರೂ ನಂಬುವುದಿ‌ಲ್ಲ. ಅವನು ಬಿಟ್ಟ ಸೀರೆಯನ್ನು ತೆಗೆದುಕೊಂಡು, ಗೆರೆಗೆ ಗೆರೆ ಕೂಡಿಸಿ ಮಡಿಚಿದೆ. ಉಳಿದವನ್ನೂ ಮಡಿಚಿ ಕಪಾಟಿಗೆ ಹಾಕಿದೆ. ಗಾದಿಯ ಬಿಳಿ ಹಾಸನ್ನು ಝಾಡಿಸಿ, ಸುಕ್ಕಿಲ್ಲದಂತೆ ಎಳೆದು ಹಾಸಿ, ಎಂಟೂವರೆಗೆ ಬಾಗಿಲು ಹಾಕಿದೆ.